ಇನ್ನೊಬ್ಬರು ಹತ್ತಿ, ಬೆಲ್ ಇನ್ನೂ ಹೊಡೆದಿಲ್ಲ!

"ಕರಿಹಲಗೆ ಮುಟ್ಟುವುದಿಲ್ಲ! ಸೀಮೆಸುಣ್ಣ ಹಿಡಿಯುವುದಿಲ್ಲ! ಹೇಳಿದ್ದನ್ನೇ ಹೇಳಿಸಿ ಮಕ್ಕಳನ್ನು ಗಿಳಿ ಮಾಡುವುದಿಲ್ಲ! ಇಂಗ್ಲಿಷ್ ವ್ಯಾಕರಣವನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ, ಕಿವಿಗೆ ಬಡಿಯುವಂತೆ ಕಲಿಸಿ ತೋರಿಸುತ್ತೇನೆ!"

ಹೀಗೆಂದು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ಗೆರೆಗೆ ಹಾಳೆ ಹರಿಯಿತು. ಅದನ್ನು ಎಚ್ಚರಿಕೆ ಎಂದುಕೊಳ್ಳಬೇಕಿತ್ತು. ನಾನು ಉತ್ಸಾಹ ಎಂದುಕೊಂಡೆ.

ನಮ್ಮ ಬೀದಿಯ ತುದಿಯಲ್ಲಿರುವ ಶಾಲೆಯಲ್ಲಿ ಒಂದು ಟೀಚರ್ ಕೆಲಸ ಖಾಲಿ ಇತ್ತು. ಮಗಳು ಹುಟ್ಟುವ ಮುಂಚೆ ನಾನೂ ಟೀಚರೇ. ಅವಳು ಹುಟ್ಟಿದ ಮೇಲೆ, ಒಬ್ಬಳೇ ವಿದ್ಯಾರ್ಥಿನಿ ಇರುವ ಶಾಲೆಯೊಂದಕ್ಕೆ ಹೆಡ್ಡು, ಆಯಾ, ಅಡುಗೆಯವಳು, ಗಂಟೆ ಹೊಡೆಯುವವಳು ಎಲ್ಲವೂ ನಾನೇ ಆಗಿಬಿಟ್ಟಿದ್ದೆ. ಆ ವಿದ್ಯಾರ್ಥಿನಿ ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ಬುಗುರಿ ಎನ್ನುತ್ತೇವೆ. ಈಗ ಬುಗುರಿಗೆ ಐದು ತುಂಬಿತ್ತು. ನನಗೆ ಮತ್ತೆ ಕೆಲಸಕ್ಕೆ ಹೋಗುವ ಆಸೆ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಶಾಲೆಯ ಹೆಡ್ ಮಿಸ್ ಫೋನ್ ಮಾಡಿದರು. "ನೋಡಮ್ಮಾ, ಈಗ ರಜೆ. ಶಾಲೇಲಿ ಮಕ್ಕಳಿಲ್ಲ. ನಿಮ್ಮ ಬಿಲ್ಡಿಂಗಿನ ಮಕ್ಕಳನ್ನೇ ಸೇರಿಸಿ ಶನಿವಾರ ಮನೇಲೇ ಒಂದು ಪಾಠ ಮಾಡಿ. ನಾನು ಬಂದು ಕೂತು ನೋಡ್ತೀನಿ. ಪಾಠ, 'ಟೂ' ಮತ್ತು 'ಇನಫ್'. ಹೆಚ್ಚಾಯ್ತು ಅನ್ನೋದು ಹೇಗೆ, ಸಾಕು ಅನ್ನೋದು ಹೇಗೆ, ಅಷ್ಟೇ."

"ಅಷ್ಟೇನಾ ಮೇಡಂ!" ಎಂದೆ, ಉದಾಸೀನವಾಗಿ.

"ಇನ್ನೊಬ್ರು ಆಗಲೇ ಇದೇ ಪಾಠ ಮಾಡಿ ತೋರಿಸಿದಾರೆ. ಬಣ್ಣಬಣ್ಣದ ಚಾರ್ಟ್ ಬರ್ಕೊಂಡು ಬಂದಿದ್ರು. ಇಬ್ಬರಲ್ಲಿ ಒಬ್ಬರಿಗೆ ಕೆಲಸ."

ಚಾರ್ಟಂತೆ! ಆನೆ ಬರೆದು ಪಕ್ಕದಲ್ಲಿ 'ಟೂ ಬಿಗ್' ಎಂದು ಬರೆದಿರುತ್ತಾರೆ. ಅಷ್ಟಕ್ಕೂ ಆನೆ ಯಾರಿಗೆ ದೊಡ್ಡದು? ಆನೆಗೆ ಆನೆ ಸರಿಯಾಗಿಯೇ ಇದೆ! ಆ ಕ್ಷಣವೇ ನಾನು ಗೆದ್ದೆ ಎಂದುಕೊಂಡೆ.

ಒಂದೇ ತೊಡಕು. ಕೆಲಸ ಇಡೀ ದಿನದ್ದು. ಬುಗುರಿಯೋ, ನನ್ನ ಕೈಯಿಂದಲ್ಲದೆ ಒಂದು ತುತ್ತು ಬಾಯಿಗೆ ಹಾಕಿಸಿಕೊಳ್ಳುವವಳಲ್ಲ. ಹಾಗೆಂದು ನನ್ನ ದೃಢ ನಂಬಿಕೆ. ಮೊದಲು ಪಾಠದಿಂದ ಹೆಡ್ ಮಿಸ್ಸಿನ ಕಣ್ಣು ಕೋರೈಸಿ, ಆ ಕಣ್ಣು ಮತ್ತೆ ಸರಿಯಾಗುವುದರೊಳಗೆ "ಅರ್ಧ ದಿನ ಬಂದರೆ ಆಗುತ್ತಾ ಮೇಡಂ?" ಎಂದು ಕೇಳಿಬಿಡುವುದು ನನ್ನ ಉಪಾಯ. ಇಡೀ ದಿನದ ಕೆಲಸವನ್ನು ಅರ್ಧ ಮಾಡಿಸಬೇಕೆಂದರೆ ಪಾಠ ದುಪ್ಪಟ್ಟು ಚೆನ್ನಾಗಿರಬೇಕು. ಸರಳ ಗಣಿತ!

ಪಾಠಕ್ಕೆ ಮುಂಚೆ ನನಗೇ ಒಂದು ಕುತೂಹಲ ಹುಟ್ಟಿತು. 'ವೆರಿ ಹೆವಿ' ಎಂದರೆ ತುಂಬಾ ಭಾರ. 'ಟೂ ಹೆವಿ' ಎಂದರೆ ಎತ್ತಲಾಗದಷ್ಟು ಭಾರ. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. ಆದರೆ ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಜಾಗ ಎಲ್ಲಿದೆ? ಯಾರಾದರೂ ಅದನ್ನು ಕಣ್ಣಾರೆ ಕಂಡಿದ್ದಾರೆಯೇ? ಎಷ್ಟೋ ಮಕ್ಕಳಿಗೆ ಇದನ್ನು ಕಲಿಸಿದ್ದ ನಾನೇ ಕಂಡಿರಲಿಲ್ಲ. ಹುಡುಕಲೇಬೇಕು ಎನಿಸಿತು.

ಮೊದಲ ಪ್ರಯೋಗ ಗಂಡನ ಮೇಲೆ. ನಮ್ಮವರು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಲಿಫ್ಟುಗಳು ಅವರ ಮಾತು ಕೇಳುತ್ತವೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಾಲ್‌ನ ಮೂಲೆಯಲ್ಲಿ ಅವರದೊಂದು ಕಬ್ಬಿಣದ ಟ್ರಂಕಿದೆ. ಅದರ ತುಂಬ ಬಿಡಿಭಾಗಗಳು, ಸ್ಪ್ಯಾನರುಗಳು, ಬೀಗದ ಕೈಗಳು.

"ರೀ, ಆ ಟ್ರಂಕ್ ಸ್ವಲ್ಪ ಎತ್ತಿ."

"ಎಲ್ಲಿಡ್ಬೇಕು?"

"ಎಲ್ಲೂ ಇಡ್ಬೇಡಿ. ಎತ್ಕೊಂಡು ನಿಂತಿರಿ ಸಾಕು."

ಎತ್ತಿದರು. ಮುಖ ಕೆಂಪಾಯಿತು. "ಇದು ವೆರಿ ಹೆವಿ," ಎಂದು ಘೋಷಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ನಂತರ ರುಬ್ಬುವ ಮಿಕ್ಸಿ ಇಟ್ಟೆ. ಬುಗುರಿ "ನಾನೂ!" ಎಂದು ಅಪ್ಪನ ಬೆನ್ನು ಹತ್ತಿದಳು.

"ಇಳಿಸ್ಲೇನೇ?"

"ತಡೀರಿ, ಇನ್ನೂ 'ಟೂ' ಬಂದಿಲ್ಲ!"

"ಅದು ಬರೋದ್ರೊಳಗೆ ನನ್ನ ಸೊಂಟ ಹೋಗುತ್ತೆ ಕಣೇ!"

"ಭಾರ ಆಯ್ತು ಅಂತ ಒಪ್ಕೊಂಡ್ಬಿಡಿ, ಇಳಿಸ್ಕೋತೀನಿ."

"ನಂಗೇನು ಭಾರ? ಇನ್ನೂ ಎರಡು ಇಡು!" ಎಂದ ಮಹಾಶಯರು ಮರುಕ್ಷಣವೇ ಟ್ರಂಕನ್ನು ದಬಕ್ಕನೆ ಬಿಟ್ಟರು. ಕೆಳಮನೆಯವರು ಚಾವಣಿಗೆ ಪೊರಕೆಯಿಂದ ಕುಟ್ಟಿದರು. ಆ ರಾತ್ರಿ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುವಾಗಲೂ "ಭಾರ ಏನಿರ್ಲಿಲ್ಲ, ಕೈ ಬೆವರಿತ್ತು" ಎಂದೇ ಸಾಧಿಸಿದರು. ತೀರ್ಮಾನ: ಗಂಡಸರ 'ಟೂ' ನಂಬಲರ್ಹವಲ್ಲ.

ಎರಡನೆಯ ಪ್ರಯೋಗ ಅತ್ತೆಯ ಮೇಲೆ. ಲೋಟಕ್ಕೆ ಟೀ ಬಗ್ಗಿಸುತ್ತಾ, "ಅತ್ತೆ, ಸಾಕಾದಾಗ ಹೇಳಿ," ಎಂದೆ.

"ಸಾಕು."

ನಿಲ್ಲಿಸಿದೆ. ಅತ್ತೆ ಲೋಟದೊಳಗೆ ಇಣುಕಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಏನಮ್ಮಾ, ಇಷ್ಟೇನಾ?"

"ನೀವೇ ಸಾಕು ಅಂದ್ರಲ್ಲ!"

"ಅಂದೆ. ಅಂದ ತಕ್ಷಣ ನಿಲ್ಲಿಸ್ಬಿಡೋದಾ?"

ಅತ್ತೆಯ ಮೊದಲ 'ಸಾಕು' ಬರೀ ಪೀಠಿಕೆ. ಎರಡನೆಯದು ಮರ್ಯಾದೆಗೆ. ಮೂರನೆಯದು ನಿಜವಾದದ್ದಂತೆ, ಅಷ್ಟರಲ್ಲಿ ಟೀ ತಟ್ಟೆಗೆ ಬಂದಿರುತ್ತದೆ! ಇನ್ನು ಬುಗುರಿಯ ಮಾತೇ ಬೇಡ. ಕಥೆಯಾಗಲಿ, ಉಯ್ಯಾಲೆಯಾಗಲಿ, ಸೋಪಿನ ನೊರೆಯಾಗಲಿ, 'ಇನಫ್' ಎಂಬ ಘಟ್ಟ ಅವಳ ಭೂಪಟದಲ್ಲೇ ಇಲ್ಲ.

ಅಂದರೆ ಹೆಚ್ಚಾದದ್ದನ್ನು ಹೆಚ್ಚಾಯಿತು ಎಂದೂ, ಸಾಕಾದದ್ದನ್ನು ಸಾಕು ಎಂದೂ ಪ್ರಾಮಾಣಿಕವಾಗಿ ಹೇಳುವ ಪ್ರಾಣಿ ಈ ಮನೆಯಲ್ಲಿಲ್ಲ!

ಮರುದಿನ ಬೆಳಗ್ಗೆ ಹಾಲು ತರಲು ಹೊರಟೆ. ಆಫೀಸಿಗೆ ಹೋಗುವವರ ಹೊತ್ತು. ಲಿಫ್ಟಿನಲ್ಲಿ ಬ್ಯಾಗುಗಳೂ ಮೊಣಕೈಗಳೂ ತುಂಬಿದ್ದವು. ನಮ್ಮ ಮಹಡಿಯ ಬ್ಯಾಂಕಿನವರು ಕೊನೆಯಲ್ಲಿ ಒಂದು ಕಾಲಿಟ್ಟರು. ಟ್ರಿಣ್ಣ್ಣ್! ಬಾಗಿಲು ಮುಚ್ಚಲಿಲ್ಲ. ಒಳಗಿದ್ದವರೆಲ್ಲ ಅವರನ್ನೇ ದುರುಗುಟ್ಟಿ ನೋಡಿದರು. ಅವರು ಇಳಿದರು. ಬೆಲ್ ನಿಂತಿತು. ಬಾಗಿಲು ಮುಚ್ಚಿತು.

ಹೊರಗೆ ನಿಂತಿದ್ದ ನನ್ನ ಮೈ ಜುಮ್ಮೆಂದಿತು. ಸಿಕ್ಕಿತು! ಕಾಲಿಟ್ಟರೆ 'ಟೂ ಮೆನಿ', ತೆಗೆದರೆ 'ಇನಫ್'! ಎಂಥ ಸತ್ಯವಂತ ಯಂತ್ರ! ದಾಕ್ಷಿಣ್ಯವಿಲ್ಲ, ಬಿಂಕವಿಲ್ಲ, ಮೂರು ಸಲ ಹೇಳಿಸಿಕೊಳ್ಳುವ ಚಾಳಿಯಿಲ್ಲ. ಹಾಲು ಮರೆತು ಮನೆಗೆ ಓಡಿದೆ.

"ರೀ, ಶನಿವಾರ ಲಿಫ್ಟ್‌ನಲ್ಲಿ ಪಾಠ ಮಾಡ್ತೀನಿ!"

ಅವರು ಶೂ ಕಟ್ಟುತ್ತಿದ್ದವರು ಹಾಗೇ ನಿಂತರು. "ಲಿಫ್ಟ್ ಆಟದ ಸಾಮಾನಲ್ಲ."

"ಓಡಿಸೋದಿಲ್ಲ ರೀ. ನಮ್ಮ ಮಹಡೀಲೇ ನಿಲ್ಲಿಸ್ಕೊಂಡು, ಬಾಗಿಲು ತೆಗೆದಿಟ್ಕೊಂಡು, ಮಕ್ಕಳನ್ನ ಒಬ್ಬೊಬ್ಬರನ್ನೇ ಹತ್ತಿಸ್ತೀನಿ. ಬೆಲ್ ಹೊಡೆದ ತಕ್ಷಣ ಒಬ್ಬರನ್ನ ಇಳಿಸ್ತೀನಿ. ಪಾಠ ಮುಗೀತು. ಅಪಾಯ ಏನಾದ್ರೂ ಇದ್ಯಾ?"

"ಬೆಲ್ ಹೊಡೆದ್ರೆ ಅದು ಜಾಗ ಬಿಟ್ಟು ಅಲ್ಲಾಡಲ್ಲ. ಅದೇನೋ ಸರಿ..." ಎಂದು ತಲೆ ಕೆರೆದುಕೊಂಡರು. "ಬಾಗಿಲ ಬಟನ್ ಒತ್ತಿ ಹಿಡ್ಕೋಬೇಕು. ಒಳಗೆ ಯಾರೂ ಕುಣೀಬಾರ್ದು."

"ನನ್ನ ಕ್ಲಾಸಲ್ಲಿ ಯಾರು ಕುಣೀತಾರೆ?"

ಅವರು ಬುಗುರಿಯತ್ತ ನೋಡಿದರು, ನಿಟ್ಟುಸಿರು ಬಿಟ್ಟು ಹೊರಟರು.

ಶನಿವಾರ ಬಂತು. ರಜೆಯಲ್ಲಿ ಮಕ್ಕಳನ್ನು ಒಂದು ಗಂಟೆ ಯಾರಾದರೂ ಹಿಡಿದಿಟ್ಟುಕೊಂಡರೆ ಸಾಕೆಂದು ಕಾದಿದ್ದ ತಾಯಂದಿರು ನನ್ನ ಕರೆಗೆ ಓಗೊಟ್ಟ ರಭಸ ನೋಡಬೇಕಿತ್ತು! ಮೂರನೇ ಮಹಡಿಯ ಅವಳಿ ಹುಡುಗಿಯರು, ವಕೀಲರ ಮಗ, ಇನ್ನೂ ಮೂವರು, ಜೊತೆಗೆ ನಮ್ಮ ಬುಗುರಿ. ಗಂಡ ಊರಿನ ಆಚೆ ತುದಿಗೆ ಕೆಲಸಕ್ಕೆ ಹೋಗಿದ್ದರು.

ಹೆಡ್ ಮಿಸ್ ಬಂದರು. ಅವರನ್ನು ನೋಡಿದರೆ ಎದುರಿಗಿದ್ದವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಸೋಫಾದಲ್ಲಿ ಒರಗಿದ್ದ ದಿಂಬು ಕೂಡ ನೆಟ್ಟಗಾದಂತೆ ನನಗನ್ನಿಸಿತು. ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ. ಬ್ಯಾಗನ್ನು ಸೋಫಾದ ಮೇಲಿಟ್ಟು, "ಶುರು ಮಾಡಿ," ಎಂದರು.

ಅವಳಿಗಳಿಗೆ ಗಂಡನ ಶೂ ತೊಡಿಸಿ 'ಟೂ ಬಿಗ್' ಎಂದೆ. ವಕೀಲರ ಮಗನಿಗೆ ಬುಗುರಿಯ ಟೋಪಿ ಹಾಕಿ 'ಟೂ ಸ್ಮಾಲ್' ಎಂದೆ. ಮಕ್ಕಳು ನಕ್ಕರು, ಹೆಡ್ ಮಿಸ್ ನಗಲಿಲ್ಲ. ಪರವಾಗಿಲ್ಲ, ಬ್ರಹ್ಮಾಸ್ತ್ರ ಹೊರಗೆ ಕಾಯುತ್ತಿದೆಯಲ್ಲ!

"ಈಗ ಎಲ್ಲರೂ ಲಿಫ್ಟ್ ಹತ್ರ ಬನ್ನಿ!"

ಹೆಡ್ ಮಿಸ್ಸಿನ ಹುಬ್ಬು ಮೊದಲ ಬಾರಿಗೆ ಒಂದು ಕೂದಲೆಳೆಯಷ್ಟು ಮೇಲೇರಿತು. ಗೆಲುವಿನ ಲಕ್ಷಣ!

ಬಾಗಿಲ ಬಟನ್ ಒತ್ತಿ ಹಿಡಿಯುವ ಘನಕಾರ್ಯವನ್ನು ಬುಗುರಿಗೆ ವಹಿಸಿದೆ. ಒಬ್ಬಳು ಅವಳಿ ಹತ್ತಿದಳು. "ಟೂ ಮೆನಿ?" ಎಂದೆ. "ನೋ!" ಎಂದು ಮಕ್ಕಳು ಕೂಗಿದರು. ಇನ್ನೊಬ್ಬಳು ಅವಳಿ. "ನೋ!" ವಕೀಲರ ಮಗ. "ನೋ!" ಹೀಗೇ ಎಲ್ಲರೂ ಹತ್ತಿದರು. ನನ್ನ ಎದೆ ಹೊಡೆದುಕೊಂಡಿತೇ ಹೊರತು ಬೆಲ್ ಹೊಡೆಯಲಿಲ್ಲ.

ಆಗ ಹೊಳೆಯಿತು. ಮಕ್ಕಳಿಗೆ ತೂಕವೇ ಇಲ್ಲ! ಹೌದು, ನಗಬೇಡಿ. ಐದು ವರ್ಷ ಮಗಳನ್ನು ಒಂದು ಕಡೆ, ಬಟ್ಟೆಯ ಬುಟ್ಟಿಯನ್ನು ಇನ್ನೊಂದು ಕಡೆ ಸೊಂಟಕ್ಕೇರಿಸಿಕೊಂಡು ಓಡಾಡಿದವಳಿಗೆ ಮಕ್ಕಳೆಂದರೆ ಜಗತ್ತಿನಲ್ಲೇ ಅತಿ ಭಾರದ ವಸ್ತು. ಏಳು ಮಕ್ಕಳೆಂದರೆ ಲಿಫ್ಟು ಚೀರಬೇಕು ಎಂಬುದು ನನ್ನ ಸೊಂಟದ ಲೆಕ್ಕ. ಲಿಫ್ಟಿಗೆ ಮಾತ್ರ ಅವರು ಹತ್ತಿಯ ಉಂಡೆಗಳು!

"ಆಂಟಿ, ಬೆಲ್ ಕೆಟ್ಟಿದೆ," ಎಂದ ವಕೀಲರ ಮಗ.

"ಕೆಟ್ಟಿಲ್ಲ ಕಣೋ. ನಾಟ್ ಇನಫ್! ನಾನೂ ಬರ್ತೀನಿ ತಡಿ!" ಎಂದು ನಾನು ಹತ್ತಿದೆ. ಮೌನ.

"ಅತ್ತೇ, ಸ್ವಲ್ಪ ಬನ್ನಿ!"

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಎಲ್ಲಿಗೆ ಹೋಗ್ತಿದೀವಿ?"

"ಎಲ್ಲಿಗೂ ಇಲ್ಲ. ಸುಮ್ನೆ ಹತ್ತಿ."

ಅತ್ತೆ ತಮ್ಮ ಕೈಚೀಲ ಹಿಡಿದೇ ಹತ್ತಿದರು, ಎಲ್ಲಿಗೂ ಹೋಗದಿದ್ದರೂ ಚೀಲವಿಲ್ಲದೆ ಅವರು ಹೊಸಿಲು ದಾಟುವುದಿಲ್ಲ. ಬೆಲ್ ಹೊಡೆಯಲಿಲ್ಲ.

ಹೆಡ್ ಮಿಸ್ ಗಡಿಯಾರ ನೋಡಿದರು. ಆ ಒಂದು ನೋಟಕ್ಕೆ ನನ್ನ ಬುದ್ಧಿ ಪೂರ್ತಿ ಜಾರಿತು. ಚಾರ್ಟಿನ ಆನೆ ಕಣ್ಣಮುಂದೆ ಸೊಂಡಿಲು ಆಡಿಸಿ ನಕ್ಕಿತು. ಇಳಿದು ಓಡಿದೆ. ದೊಡ್ಡ ಮಕ್ಕಳಿಬ್ಬರನ್ನು ಕರೆದುಕೊಂಡು ಆ ಕಬ್ಬಿಣದ ಟ್ರಂಕನ್ನು ಕಿರ್ರೋ ಎಂದು ಎಳೆದು ತಂದು ಒಳಗೆ ತಳ್ಳಿದೆ. ಮಾತಿಲ್ಲ! ಹೊಲಿಗೆ ಮಷೀನನ್ನು ಕಾಲು ಸಮೇತ ತಂದು ನಿಲ್ಲಿಸಿ ನಾನೂ ಮತ್ತೆ ಹತ್ತಿದೆ. ಮಾತಿಲ್ಲ!

"ಸಿಲಿಂಡರ್ ತರ್ಲಾ?" ಎಂದೆ.

"ಏಯ್, ತಲೆ ಕೆಟ್ಟಿದ್ಯಾ ನಿಂಗೆ!" ಎಂದರು ಅತ್ತೆ. ಪುಣ್ಯಕ್ಕೆ ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಸ್ವಸ್ಥಾನದಲ್ಲಿತ್ತು.

ಈಗ ಹೊರಗೆ ಉಳಿದಿದ್ದ ತೂಕ ಒಂದೇ ಒಂದು. ಅದು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು.

ಒಬ್ಬ ಹೆಂಗಸನ್ನು, ಅದರಲ್ಲೂ ಕೆಲಸ ಕೊಡಬೇಕಾದ ಹೆಂಗಸನ್ನು, "ತಮ್ಮ ತೂಕ ಸ್ವಲ್ಪ ಬೇಕಾಗಿತ್ತು" ಎಂದು ಕೇಳುವ ಸಭ್ಯ ವಾಕ್ಯ ಯಾವ ಭಾಷೆಯ ವ್ಯಾಕರಣದಲ್ಲೂ ಇಲ್ಲ. ಆದರೂ ಕೇಳಿದೆ. "ಮೇಡಂ... ತಾವೂ... ಪಾಠದಲ್ಲಿ... ಭಾಗವಹಿಸಿದ್ರೆ..."

ಹೆಡ್ ಮಿಸ್ ಲಿಫ್ಟಿನೊಳಗಿನ ಜನಸಾಗರವನ್ನು ನೋಡಿದರು. ಟ್ರಂಕಿನ ಮೇಲೆ ಕೂತ ಬುಗುರಿಯನ್ನು ನೋಡಿದರು. ಅವಳ ಬೆರಳು ಬಟನ್ ಮೇಲೇ ಇತ್ತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಅವರ ಪಾದವನ್ನೇ ನೋಡುತ್ತಿದ್ದರು. ಅವರ ಮುಖದ ಮೇಲೆ ಮೊದಲ ಬಾರಿಗೆ ಏನೋ ಓಡಾಡಿತು.

"ನಂಗೂ ಕುತೂಹಲ ಆಗ್ತಿದೆ," ಎಂದು ಮೆಲ್ಲಗೆ ಹೇಳಿ, ಒಂದು ಕಾಲಿಟ್ಟರು. ಇನ್ನೊಂದು ಕಾಲಿಟ್ಟರು.

ಬೆಲ್ ಹೊಡೆಯಲಿಲ್ಲ!

"ನೋಡಿದ್ರಾ, ನೀವೇನೂ ಅಂಥಾ ದಪ್ಪ ಇಲ್ಲ!" ಎಂದು ಅತ್ತೆ ಅವರನ್ನು ಮನಸಾರೆ ಅಭಿನಂದಿಸಿದರು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಬುಗುರಿಯೂ ತಟ್ಟಿದಳು, ಎರಡೂ ಕೈಯಿಂದ.

ಎರಡೂ ಕೈಯಿಂದ!

ಬಾಗಿಲು ಸರ್ರನೆ ಮುಚ್ಚಿತು. ಮೇಲೆ ಯಾರೋ ಎಷ್ಟು ಹೊತ್ತಿನಿಂದ ಬಟನ್ ಒತ್ತಿ ಕಾಯುತ್ತಿದ್ದರೋ, ಲಿಫ್ಟು ನಮ್ಮನ್ನೆಲ್ಲ ಹೊತ್ತು ಮೇಲಕ್ಕೆ ಹೊರಟೇಬಿಟ್ಟಿತು. "ಹೋಗ್ತಿದೀವಿ! ಹೋಗ್ತಿದೀವಿ!" ಎಂದು ಬುಗುರಿ ಟ್ರಂಕಿನಿಂದ ನೆಗೆದಳು. ಅವಳಿಗಳು ನೆಗೆದರು. ಅದನ್ನು ನೋಡಿ ಎಲ್ಲರೂ ನೆಗೆದರು. ಲಿಫ್ಟು ಒಮ್ಮೆ ಕುಲುಕಿ, ಬಿಕ್ಕಿ, ನಿಂತಿತು. ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ನನ್ನ ತಲೆಯೂ ತಿರುಗುತ್ತಿತ್ತು.

ನನ್ನ ಫೋನು ಮನೆಯಲ್ಲಿ. ಹೆಡ್ ಮಿಸ್ಸಿನ ಫೋನು ಸೋಫಾದ ಮೇಲಿನ ಬ್ಯಾಗಿನಲ್ಲಿ. ಅತ್ತೆ ಕೈಚೀಲದಿಂದ ತಮ್ಮ ಫೋನು ತೆಗೆದು, ಸ್ಪೀಕರ್ ಒತ್ತಿ, ಮಗನಿಗೆ ಹಚ್ಚಿದರು.

"ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದೀವಿ ಕಣೋ."

"ಯಾವ ಬಿಲ್ಡಿಂಗಮ್ಮಾ?"

"ನಮ್ದೇ."

"ಗಾಬರಿ ಆಗ್ಬೇಡಿ. ಯಾರ್ಯಾರು ಇದೀರಿ?"

"ಎಲ್ಲಾರೂ."

"ಎಲ್ಲಾರೂ ಅಂದ್ರೆ?"

"ಎಲ್ಲಾರೂ ಅಂದ್ರೆ ಎಲ್ಲಾರೂ. ಹೊಲಿಗೆ ಮಷೀನೂ."

"ಹೊಲಿಗೆ ಮಷೀನ್ ಯಾಕಮ್ಮಾ?"

"ಇಂಗ್ಲಿಷ್ ಕಲಿಯೋಕೆ."

ಫೋನನ್ನು ನಾನೇ ಕಸಿದುಕೊಂಡೆ. "ರೀ, ಬೇಗ ಬನ್ನಿ!"

"ಹೊರಟೆ. ಅಷ್ಟರಲ್ಲಿ ಪಕ್ಕದ್ಮನೆಯವರಿಗೆ ಫೋನ್ ಮಾಡಿ ಹೇಳು. ಹಾಲ್‌ನಲ್ಲಿ ನನ್ನ ಟ್ರಂಕ್ ಇದ್ಯಲ್ಲ, ಅದರಲ್ಲಿ ಟೆರೇಸ್ ಮೇಲಿನ ಮೋಟರ್ ರೂಮಿಂದು ಬೀಗದ ಕೈ ಇದೆ. ತೆಗೆದಿಟ್ಕೊಂಡಿರ್ಲಿ. ನಾನು ಬಂದ ತಕ್ಷಣ ಮೇಲಿಂದ ಲಿಫ್ಟ್ ಇಳಿಸ್ಬಿಡ್ತೀನಿ."

ನಾನು ಟ್ರಂಕಿನ ಕಡೆ ನೋಡಿದೆ. ಅದರ ಮೇಲೆ ಈಗ ಮೂವರು ಮಕ್ಕಳು ಕಾಲಾಡಿಸುತ್ತಾ ಕೂತಿದ್ದರು.

"ಕೇಳಿಸ್ತಾ? ಟ್ರಂಕ್ ಕಣೇ, ಹಾಲ್‌ನಲ್ಲಿರೋದು!"

"ಹಾಲ್‌ನಲ್ಲಿ... ಇಲ್ಲ ರೀ."

"ಮತ್ತೆಲ್ಲಿದೆ?"

ವಕೀಲರ ಮಗನೇ ಹೇಳಿದ: "ಅಂಕಲ್, ನಾವು ಅದರ ಮೇಲೇ ಕೂತಿದೀವಿ!"

ಆ ಕಡೆಯಿಂದ ಬಂದ ಶಬ್ದ ಯಾವ ಭಾಷೆಯದೋ ತಿಳಿಯಲಿಲ್ಲ. ಹೆಡ್ ಮಿಸ್ ಚಾವಣಿ ನೋಡಿದರು. ನನ್ನ ಕೆಲಸ ಆ ಚಾವಣಿಯ ಸಂದಿಯಿಂದ ಹೊರಗೆ ಹಾರಿಹೋಗುವುದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

ಆಮೇಲೆ ವಕೀಲರ ಮಗ ಕೇಳಿದ. "ಆಂಟಿ, ಗಾಳಿ ಇನಫ್ ಇದ್ಯಾ?"

ಶಬ್ದ ಸರಿಯಾಗಿ ಬಳಸಿದ್ದ, ಪಾಪಿ! ಆದರೆ ಒಬ್ಬಳು ಅವಳಿಯ ತುಟಿ ಅದುರಲು ಶುರುವಾಯಿತು. ಅದು ಇನ್ನೊಬ್ಬಳಿಗೆ ಅಂಟಿತು. ನನಗೆ ಪಾಠವೆಲ್ಲ ಮರೆತುಹೋಯಿತು. ಇಬ್ಬರನ್ನೂ ಎತ್ತಿ ಫ್ಯಾನಿನ ಹತ್ತಿರ ಹಿಡಿದೆ. "ಮುಖ ಇಡಿ. ಗಾಳಿ ಬರ್ತಿದ್ಯಾ?"

"ಹೂಂ."

"ಎಲ್ಲಿಂದ?"

"ಹೊರಗಿಂದ."

"ಹೊರಗೆ ಗಾಳಿ ಎಷ್ಟಿದೆ?"

ಇಬ್ಬರೂ ಯೋಚಿಸಿದರು. "ತುಂಬಾ... ಟೂ ಮಚ್?"

"ಉಸಿರಾಡೋಕೆ ಗಾಳಿ ಯಾವತ್ತೂ ಟೂ ಮಚ್ ಆಗಲ್ಲ ಪುಟ್ಟಾ. ಇನಫ್ ಏರ್!"

"ಇನಫ್ ಏರ್!" ಎಂದು ಮಕ್ಕಳು ಸರದಿಯ ಮೇಲೆ ಟ್ರಂಕ್ ಹತ್ತಿ ಫ್ಯಾನಿಗೆ ಮುಖ ಕೊಟ್ಟು ಕೂಗಿದರು. ಒಬ್ಬನಿಗೆ ಎತ್ತರ ಸಾಲಲಿಲ್ಲ. "ನಾಟ್ ಟಾಲ್ ಇನಫ್!" ಎಂದು ಉಳಿದವರೇ ತೀರ್ಪು ಕೊಟ್ಟು ಅವನನ್ನು ಹೊಲಿಗೆ ಮಷೀನಿನ ಮೇಲೆ ಹತ್ತಿಸಿದರು.

"ನನ್ನ ಕಾಲಿನ ಮೇಲೆ ಯಾರೋ ನಿಂತಿದೀರಿ," ಎಂದರು ಹೆಡ್ ಮಿಸ್, ಶಾಂತವಾಗಿ.

"ಟೂ ಮೆನಿ ಕಾಲು!" ಎಂದಳು ಬುಗುರಿ.

ಅತ್ತೆ ಕೈಚೀಲದೊಳಗೆ ಕೈ ಹಾಕಿ ತಡಕಾಡಿ ನಾಲ್ಕು ಬಿಸ್ಕೆಟ್ ತೆಗೆದರು. "ನಾಟ್ ಇನಫ್!" ಎಂಬ ಆರ್ತನಾದ ಎದ್ದಿತು. "ಸುಮ್ನಿರ್ರೋ," ಎಂದು ಅತ್ತೆ ಮುರಿದು ಮುರಿದು ಹಂಚಿದರು. ಹೆಡ್ ಮಿಸ್ಸಿಗೂ ಒಂದು ಚೂರು ಸಿಕ್ಕಿತು. "ಸಾಕು," ಎಂದರು ಅವರು. ಅತ್ತೆ ಕೇಳುವುದುಂಟೇ? ಇನ್ನೊಂದು ಚೂರು ಕೈಗೆ ತುರುಕಿದರು.

ಆಗ ನೋಡಿದೆ. ಟ್ರಂಕಿನ ಅಂಚಿಗೆ ಕೂತಿದ್ದ ಅಜ್ಜಿಯ ತೊಡೆಯೇರಿ ಬುಗುರಿ ಬಾಯಿ ತೆರೆಯುತ್ತಿದ್ದಳು. ಅಜ್ಜಿ ಚೂರು ಹಾಕುತ್ತಿದ್ದರು. ಅವಳು ಅಗಿದು ಮತ್ತೆ ತೆರೆಯುತ್ತಿದ್ದಳು. ನನ್ನ ಕಡೆ ಒಮ್ಮೆಯಾದರೂ ತಿರುಗಿ ನೋಡಲಿ! ಇಲ್ಲ. ನನ್ನ ಪಾಲಿಗೆ ಬಿಸ್ಕೆಟ್ಟೂ ಬಂದಿರಲಿಲ್ಲ, ಖಾಲಿ ಕೈಯನ್ನೇ ಸೆರಗಿಗೆ ಒರೆಸಿಕೊಂಡೆ. ಹಸಿವಾದಾಗ ಯಾರ ಕೈಯಾದರೇನು, ಇದು ಇವತ್ತಿನ ಮಟ್ಟಿಗೆ, ಎಂದು ನನಗೆ ನಾನೇ ಹೇಳಿಕೊಂಡೆ.

ಕೊನೆಗೂ ಮೇಲಿನಿಂದ ಸುತ್ತಿಗೆಯ ಸದ್ದು. ನಮ್ಮವರು ಬಂದು ಮೋಟರ್ ರೂಮಿನ ಬೀಗ ಒಡೆಯುತ್ತಿದ್ದರು. ಲಿಫ್ಟು ಆಮೆಯ ಹಾಗೆ ಕೆಳಗಿಳಿದು ಮೂರನೆಯ ಮಹಡಿಗೆ ಬಂದು ಬಾಗಿಲು ತೆರೆಯಿತು. ಹೊರಗೆ ಮೆಟ್ಟಿಲ ತುಂಬ ಜನ! ಒಳಗಿನಿಂದ ಮಕ್ಕಳು ಉದುರಿದರು, ಅತ್ತೆ ಬಂದರು, ಹೆಡ್ ಮಿಸ್ ಬಂದರು, ಹೊಲಿಗೆ ಮಷೀನು ಬಂತು, ಟ್ರಂಕು ಬಂತು. "ಮನೆ ಖಾಲಿ ಮಾಡ್ತಿದೀರಾ?" ಎಂದು ಬ್ಯಾಂಕಿನವರು ಆಸೆಯಿಂದ ಕೇಳಿದರು.

ಗಂಡ ಬೆವರು ಒರೆಸುತ್ತಾ ಇಳಿದು ಬಂದರು. ಟ್ರಂಕನ್ನು ನೋಡಿದರು. ನನ್ನನ್ನು ನೋಡಿದರು. "ಬಂತಾ ನಿನ್ನ 'ಟೂ'?" ಎಂದಷ್ಟೇ ಕೇಳಿದರು.

ಹೆಡ್ ಮಿಸ್ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಕಳಚಿ, ತುಳಿಸಿಕೊಂಡ ಕಾಲ್ಬೆರಳು ನೀವಿಕೊಳ್ಳುತ್ತಿದ್ದರು. ನಾನು ಕೈಕಟ್ಟಿ ನಿಂತೆ. "ಮೇಡಂ, ಕ್ಷಮಿಸಿ..."

"ಸ್ವಲ್ಪ ಸುಮ್ನಿರಿ," ಎಂದು ಅವರು ಮಕ್ಕಳನ್ನು ಹತ್ತಿರ ಕರೆದರು. "ಒಬ್ಬೊಬ್ರು ಒಂದೊಂದು ಸೆಂಟೆನ್ಸ್ ಹೇಳಿ. ಟೂ ಆದ್ರೂ ಸರಿ, ಇನಫ್ ಆದ್ರೂ ಸರಿ."

"ಲಿಫ್ಟ್ ಈಸ್ ಟೂ ಸ್ಮಾಲ್!" ಎಂದರು ಅವಳಿಗಳು, ಒಂದೇ ಉಸಿರಿಗೆ.

"ಅಂಕಲ್ ಈಸ್ ಟೂ ಲೇಟ್," ಎಂದ ವಕೀಲರ ಮಗ.

"ಬಿಸ್ಕೆಟ್ ಈಸ್ ನಾಟ್ ಇನಫ್!" ಎಂದ ಹೊಲಿಗೆ ಮಷೀನಿನ ಮೇಲೆ ನಿಂತಿದ್ದವ. ಉಳಿದಿಬ್ಬರು ತಳ್ಳಾಡಿಕೊಂಡು ಇನ್ನೂ ಏನೇನೋ ಹೇಳಿದರು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಹೆಡ್ ಮಿಸ್ ಚಪ್ಪಲಿ ಮೆಟ್ಟಿಕೊಂಡು ಎದ್ದರು. "ಚಾರ್ಟ್ ತಂದಿದ್ದವರ ಹತ್ರ ಕಲಿತ ಮಕ್ಕಳು ಆನೆ ದೊಡ್ಡದು ಅಂತ ಮಾತ್ರ ಹೇಳಿದ್ರು. ಕೆಲಸ ನಿಮಗೇ. ಆದ್ರೆ ಪಾಠ ನಾಲ್ಕು ಗೋಡೆ ಒಳಗೆ. ಆ ಗೋಡೆಗಳು ಅಲ್ಲಾಡದೆ ಇರೋಂಥವಾಗಿರ್ಬೇಕು."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಸಂತೋಷದ ಭರದಲ್ಲೇ ಉಪಾಯ ನೆನಪಾಯಿತು, ಇದೇ ಸಮಯ! ದನಿಗೆ ಒಂದಿಷ್ಟು ಕರುಣರಸ ಬೆರೆಸಿದೆ. "ಮೇಡಂ, ಒಂದೇ ಒಂದು ಕೋರಿಕೆ. ಅರ್ಧ ದಿನ ಬಂದ್ರೆ ಆಗುತ್ತಾ? ಮಗು ನಾನಿಲ್ದೆ ಒಂದು ಘಳಿಗೆ ಇರಲ್ಲ. ನಾನೇ ಉಣಿಸ್ಬೇಕು, ನಾನೇ ಮಲಗಿಸ್ಬೇಕು, ಎಲ್ಲಾದಕ್ಕೂ ನಾನೇ ಬೇಕು..."

"ಹೌದಾ?" ಎಂದು ಹೆಡ್ ಮಿಸ್ ಬುಗುರಿಯ ಕಡೆ ಬಗ್ಗಿದರು. "ನಿಂದೊಂದು ಸೆಂಟೆನ್ಸ್ ಬಾಕಿ ಇದೆಯಲ್ಲ ಮರೀ. ಹೇಳು ನೋಡೋಣ."

ಬುಗುರಿ ಅಜ್ಜಿಯ ಕೈ ಹಿಡಿದುಕೊಂಡು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಜ್ಜಿಯನ್ನೂ ನೋಡಿದಳು. ತೂಗಿ ನೋಡುವವರ ಹಾಗೆ ಒಂದು ಕ್ಷಣ ತಲೆ ಓರೆ ಮಾಡಿದಳು.

"ಅಮ್ಮ ಈಸ್ ಟೂ ಮಚ್," ಎಂದಳು. "ಅಜ್ಜಿ ಈಸ್ ಇನಫ್."

ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದರು. ನಮ್ಮವರು ಗೋಡೆ ಹಿಡಿದುಕೊಂಡು ನಕ್ಕರು. ಹೆಡ್ ಮಿಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ನನ್ನ ಭುಜ ತಟ್ಟಿದರು.

"ಹಾಗಾದ್ರೆ ಇಡೀ ದಿನಾನೇ ಬನ್ನಿ."